ಸಾಲಿನೊಳಗಿನ ಕೆಲಸ: ಅಲಂಕಾರ, ಧ್ವನಿ, ನಿರೂಪಣೆ, ಛಂದಸ್ಸು

ಹೈಸ್ಕೂಲಿನ ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ಪರಿಚಿತವಾದ ಒಂದು ಪ್ರಶ್ನೆಯಿದೆ: ಈ ವಾಕ್ಯದಲ್ಲಿರುವ ಅಲಂಕಾರವನ್ನು ಹೆಸರಿಸಿ, ಲಕ್ಷಣ ಬರೆದು ಸಮನ್ವಯಗೊಳಿಸಿ. ‘ಅಂತೆ’ ಕಂಡರೆ ಉಪಮೆ, ‘ಎಂಬ’ ಕಂಡರೆ ರೂಪಕ, ‘ಓ ಎಂಬಂತೆ’ ಕಂಡರೆ ಉತ್ಪ್ರೇಕ್ಷೆ ಎಂದು ಗುರುತಿಟ್ಟುಕೊಂಡು ಉತ್ತರ ಬರೆಯುವ ಅಭ್ಯಾಸ ಎಷ್ಟೋ ತರಗತಿಗಳಲ್ಲಿದೆ. ಅಂಕವೂ ಬರುತ್ತದೆ. ಆದರೆ ಹೀಗೆ ಕಲಿತ ಹೆಸರುಗಳು ಪರೀಕ್ಷೆಯ ಕೊಠಡಿಯಿಂದ ಹೊರಗೆ ಬರುವುದೇ ಇಲ್ಲ. ಒಂದು ಪದ್ಯ ಏಕೆ ಮನಸ್ಸಿಗೆ ಹತ್ತಿತು, ಒಂದು ಕತೆ ಏಕೆ ರಾತ್ರಿಯೆಲ್ಲ ಕಾಡಿತು ಎಂದು ಹೇಳಬೇಕಾದಾಗ ಅವು ನಮ್ಮ ನೆರವಿಗೆ ಒದಗುವುದಿಲ್ಲ.

ಹಾಗಾಗಿ ಈ ಅಧ್ಯಾಯದಲ್ಲಿ ದಾರಿಯನ್ನು ತಿರುಗಿಸಿಕೊಳ್ಳೋಣ. ಸಾಲು ಓದುಗನಿಗೆ ಏನು ಮಾಡಿತು ಎಂಬುದನ್ನು ಮೊದಲು ನೋಡೋಣ. ಆ ಕೆಲಸಕ್ಕೆ ಹೆಸರಿಡುವುದು ಆಮೇಲೆ.

ಈ ವಿಚಾರಣೆ ಕನ್ನಡಕ್ಕೆ ಹೊಸದಲ್ಲ. ನಮಗೆ ದೊರೆತಿರುವ ಕನ್ನಡದ ಮೊದಲ ಗ್ರಂಥ ‘ಕವಿರಾಜಮಾರ್ಗ’. ಕಾಲ ಕ್ರಿ.ಶ. 850ರ ಸುಮಾರು, ಹುಟ್ಟಿದ್ದು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ಬರೆದವನು ಶ್ರೀವಿಜಯ. ಅದು ಕತೆಯಲ್ಲ, ಪುರಾಣವಲ್ಲ, ಕಾವ್ಯ ಹೇಗಿರಬೇಕು ಎಂದು ವಿಚಾರಿಸುವ ಪುಸ್ತಕ. ಮೂರು ಪರಿಚ್ಛೇದಗಳಲ್ಲಿ ಮೊದಲನೆಯದು ಕಾವ್ಯದ ದೋಷಗಳನ್ನೂ, ಎರಡನೆಯದು ಶಬ್ದಾಲಂಕಾರಗಳನ್ನೂ, ಮೂರನೆಯದು ಅರ್ಥಾಲಂಕಾರಗಳನ್ನೂ ಎತ್ತಿಕೊಳ್ಳುತ್ತದೆ. ಸಂಸ್ಕೃತದ ದಂಡಿ ಬರೆದ ‘ಕಾವ್ಯಾದರ್ಶ’ ಅದಕ್ಕೆ ದೊಡ್ಡ ಆಸರೆ. ಆದರೆ ಸಂಸ್ಕೃತದ ಯಾವ ಮಾತು ಕನ್ನಡಕ್ಕೆ ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ ಎಂಬ ವಿವೇಚನೆ ಶ್ರೀವಿಜಯನದೇ. ಒಂದು ನುಡಿಯಲ್ಲಿ ಉಳಿದುಬಂದ ಮೊದಲ ಹೊತ್ತಿಗೆಯೇ ಕಾವ್ಯದ ಒಳ್ಳೆಯದು ಕೆಟ್ಟದ್ದನ್ನು ಅಳೆಯುತ್ತದೆ ಎಂದರೆ, ಅದಕ್ಕೂ ಮೊದಲೇ ಇಲ್ಲಿ ಕವಿಗಳಿದ್ದರು, ಅವರನ್ನು ಒರೆಗೆ ಹಚ್ಚುವ ಓದುಗರೂ ಇದ್ದರು. ನೀವು ಕಲಿಯುತ್ತಿರುವ ಪಾರಿಭಾಷಿಕ ಪದಗಳು ಆ ಓದುಗರಿಂದ ಬಂದ ಆಸ್ತಿ.

ಅಂಗೈ ಮತ್ತು ಕೆರೆಯಂಗಳ

ಒಂದೇ ವಸ್ತುವನ್ನು ಇಟ್ಟುಕೊಂಡು ನೋಡೋಣ. ಹೊಲದಲ್ಲಿ ದುಡಿದು ಹಣ್ಣಾದ ಒಬ್ಬ ಅಜ್ಜಿಯ ಅಂಗೈ.

‘ಅಜ್ಜಿಯ ಅಂಗೈ ಬತ್ತಿದ ಕೆರೆಯಂಗಳದಂತೆ ಬಿರುಕು ಬಿಟ್ಟಿತ್ತು.’ ಇದು ಉಪಮೆ. ಅಂಗೈ ಉಪಮೇಯ, ಅಂದರೆ ನಾವು ಹೇಳಹೊರಟ ವಸ್ತು. ಕೆರೆಯಂಗಳ ಉಪಮಾನ, ಅಂದರೆ ಹೋಲಿಕೆಗೆ ಕರೆತಂದ ವಸ್ತು. ‘ಅಂತೆ’ ಉಪಮಾವಾಚಕ. ಬಿರುಕು ಬಿಡುವುದು ಎರಡಕ್ಕೂ ಸಲ್ಲುವ ಸಮಾನಧರ್ಮ. ನಾಲ್ಕೂ ಇರುವುದರಿಂದ ಇದು ಪೂರ್ಣೋಪಮೆ. ‘ಅಜ್ಜಿಯದು ಕೆರೆಯಂಗಳದಂಥ ಅಂಗೈ’ ಎಂದುಬಿಟ್ಟರೆ ಸಮಾನಧರ್ಮ ಮರೆಗೆ ಸರಿಯುತ್ತದೆ; ಅದು ಲುಪ್ತೋಪಮೆ. ಇಲ್ಲಿಯವರೆಗೆ ಪಠ್ಯಪುಸ್ತಕ ಹೇಳುವುದೇ. ಈಗ ಆ ಸಾಲು ಮಾಡಿದ ಕೆಲಸ ನೋಡಿ. ಪೂರ್ಣೋಪಮೆಯಲ್ಲಿ ಹೋಲಿಕೆ ಎಲ್ಲಿದೆ ಎಂದು ಬರೆದವರೇ ತೋರಿಸಿಕೊಟ್ಟರು: ಬಿರುಕಿನಲ್ಲಿ. ಲುಪ್ತೋಪಮೆಯಲ್ಲಿ ತೋರಿಸಲಿಲ್ಲ. ಬಿರುಕೇ? ಒಣಗಿದ್ದೇ? ಒಂದು ಕಾಲಕ್ಕೆ ತುಂಬಿದ್ದು ಈಗ ಬರಿದಾದದ್ದೇ? ಓದುಗ ಹುಡುಕಬೇಕು. ಒಂದು ಅಂಗವನ್ನು ಬಿಟ್ಟದ್ದರಿಂದ ಸಾಲು ಬಡವಾಗಲಿಲ್ಲ, ಓದುಗನಿಗೆ ಕೆಲಸ ಕೊಟ್ಟಿತು.

‘ಅಜ್ಜಿಯ ಅಂಗೈ ಬತ್ತಿದ ಕೆರೆಯಂಗಳ.’ ಇಲ್ಲಿ ‘ಅಂತೆ’ ಹೋಯಿತು. ಎರಡು ವಸ್ತುಗಳ ನಡುವಿನ ಭೇದ ಅಳಿಯಿತು. ಇದು ರೂಪಕ. ಉಪಮೆಗೂ ರೂಪಕಕ್ಕೂ ಇರುವ ವ್ಯತ್ಯಾಸ ಒಂದು ಪ್ರತ್ಯಯದ್ದು ಮಾತ್ರ ಎಂದುಕೊಂಡರೆ ಅದರ ಬಲ ಕೈತಪ್ಪುತ್ತದೆ. ಎರಡು ಒಂದೇ ಆದ ಮೇಲೆ ಕವಿಗೆ ಆ ಹೊಸ ಜಗತ್ತಿನೊಳಗೆ ನಡೆದಾಡುವ ಹಕ್ಕು ಸಿಗುತ್ತದೆ. ಮುಂದಿನ ಸಾಲು ಹೀಗೆ ಬರೆಯಬಹುದು: ‘ಆ ಕೆರೆಯಲ್ಲಿ ನಮ್ಮ ಮನೆಯ ಮೂರು ತಲೆಮಾರು ನೀರು ಕುಡಿದಿತ್ತು.’ ಅಂಗೈ ಎಂಬ ಮಾತೇ ಇಲ್ಲಿಲ್ಲ. ಆದರೂ ಅಜ್ಜಿಯ ದುಡಿಮೆ, ಆಕೆ ಬತ್ತಿದ್ದು ಯಾರಿಗಾಗಿ ಎಂಬುದು, ಮನೆಯವರ ಋಣ ಎಲ್ಲವೂ ಬಂದುಬಿಟ್ಟಿವೆ. ಉಪಮೆಯಲ್ಲಿ ಈ ಹೆಜ್ಜೆ ಇಡುವುದು ಕಷ್ಟ, ಏಕೆಂದರೆ ‘ಅಂತೆ’ ಎಂಬುದು ಎರಡನ್ನೂ ಬೇರೆ ಬೇರೆಯಾಗಿಯೇ ನಿಲ್ಲಿಸಿರುತ್ತದೆ. ಗದುಗಿನ ಕುಮಾರವ್ಯಾಸನನ್ನು ‘ರೂಪಕ ಸಾಮ್ರಾಜ್ಯ ಚಕ್ರವರ್ತಿ’ ಎಂದು ಕರೆಯುವ ವಾಡಿಕೆಯಿದೆ. ಅವನ ಭಾರತವನ್ನು ಓದುವಾಗ ರೂಪಕ ಎಲ್ಲಿದೆ ಎಂದು ಹುಡುಕಿ ನಿಲ್ಲಬೇಡಿ. ಒಂದು ರೂಪಕ ಹಿಡಿದ ಮೇಲೆ ಅವನು ಅದರೊಳಗೆ ಎಷ್ಟು ದೂರ ನಡೆಯುತ್ತಾನೆ ಎಂದು ಹಿಂಬಾಲಿಸಿ. ‘ಜೈಮಿನಿ ಭಾರತ’ದ ಲಕ್ಷ್ಮೀಶನಿಗೆ ‘ಉಪಮಾಲೋಲ’ ಎಂಬ ಹೆಸರು. ಇಬ್ಬರನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಈ ಎರಡು ಅಲಂಕಾರಗಳ ಸ್ವಭಾವ ಯಾವ ಲಕ್ಷಣವಾಕ್ಯಕ್ಕಿಂತ ಚೆನ್ನಾಗಿ ತಿಳಿಯುತ್ತದೆ.

ಮೂರನೆಯದು: ‘ಅಜ್ಜಿಯ ಅಂಗೈ ನೋಡಿದರೆ, ಬಿಸಿಲೇ ನೇಗಿಲು ಹಿಡಿದು ಅಲ್ಲಿ ಉತ್ತಿದೆಯೋ ಎಂಬಂತಿತ್ತು.’ ಬಿಸಿಲು ಉಳುವುದಿಲ್ಲ. ಹೇಳುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು. ಗೊತ್ತಿದ್ದೂ ಹಾಗೆ ಕಲ್ಪಿಸಿಕೊಳ್ಳುವುದು ಉತ್ಪ್ರೇಕ್ಷೆ. ಮಾತುಕತೆಯಲ್ಲಿ ನಾವು ಬಣ್ಣ ಕಟ್ಟಿ ಹೇಳುವುದಕ್ಕೆಲ್ಲ ಉತ್ಪ್ರೇಕ್ಷೆ ಎನ್ನುತ್ತೇವಾದ್ದರಿಂದ ಇಲ್ಲಿ ಬಹಳ ಮಂದಿ ಎಡವುತ್ತಾರೆ. ಇದ್ದದ್ದನ್ನು ಅಳತೆ ಮೀರಿ ದೊಡ್ಡದು ಮಾಡುವುದಕ್ಕೆ ಅಲಂಕಾರಶಾಸ್ತ್ರದಲ್ಲಿ ಅತಿಶಯೋಕ್ತಿ ಎಂಬ ಬೇರೆ ಹೆಸರಿದೆ.

ದೃಷ್ಟಾಂತದಲ್ಲಿ ಎರಡು ಪೂರ್ಣ ವಾಕ್ಯಗಳು ಎದುರುಬದುರು ನಿಲ್ಲುತ್ತವೆ, ನಡುವೆ ‘ಅಂತೆ’ ಇರುವುದಿಲ್ಲ. ‘ಒಲೆ ಆರಿದ ಮನೆಯತ್ತ ಬೆಕ್ಕು ತಿರುಗಿ ನೋಡದು, ಕೈ ಬರಿದಾದವನ ಹೆಸರನ್ನು ನೆಂಟರು ಮರೆಯುತ್ತಾರೆ.’ ಒಂದು ವಾಕ್ಯ ಬಿಂಬ, ಇನ್ನೊಂದು ಅದರ ಪ್ರತಿಬಿಂಬ. ಒಂದು ನಿರ್ದಿಷ್ಟ ಸಂಗತಿಯನ್ನು ಹೇಳಿ, ಎಲ್ಲರಿಗೂ ಅನ್ವಯಿಸುವ ಸಾಮಾನ್ಯ ಮಾತಿನಿಂದ ಅದನ್ನು ಸಮರ್ಥಿಸಿದರೆ ಅದು ಅರ್ಥಾಂತರನ್ಯಾಸ. ಹಳ್ಳಿಯಲ್ಲಿ ಹಿರಿಯರು ಯಾರದೋ ಸುದ್ದಿ ಹೇಳಿ ಕೊನೆಗೊಂದು ಗಾದೆ ಸೇರಿಸುತ್ತಾರಲ್ಲ, ಅವರು ದಿನವೂ ಬಳಸುವುದು ಈ ಅಲಂಕಾರವನ್ನೇ.

ಶ್ಲೇಷವನ್ನು ಕೇವಲ ಪದದಾಟ ಎಂದು ತಳ್ಳಿಹಾಕುವವರಿದ್ದಾರೆ. ನಾನು ಒಪ್ಪುವುದಿಲ್ಲ. ‘ಅರಸನ ಕರ ಪ್ರಜೆಗಳ ತಲೆಯ ಮೇಲೆ ಸದಾ ಇತ್ತು.’ ಕರ ಎಂದರೆ ಕೈ, ಕರ ಎಂದರೆ ಕಂದಾಯ. ಅರಸ ಹರಸುತ್ತಿದ್ದನೋ ಹಿಂಡುತ್ತಿದ್ದನೋ? ಹೊಗಳಿಕೆಯೂ ದೂರೂ ಒಂದೇ ಪದದಲ್ಲಿ ಕೂತಿವೆ. ಆಸ್ಥಾನದಲ್ಲಿ ನಿಂತು ದೂರು ಹೇಳಬೇಕಾದ ಕವಿಗೆ ಇದು ದೊಡ್ಡ ಆಸರೆ. ಒಂದು ಪದಕ್ಕೆ ಎರಡು ಅರ್ಥ ಇರುವಂತೆ ಒಂದು ಪಾತ್ರಕ್ಕೆ ಎರಡು ಮುಖ ಕೊಟ್ಟು ಇಡೀ ಕಾವ್ಯವನ್ನೇ ಕಟ್ಟಿದವನು ಪಂಪ. ಹತ್ತನೆಯ ಶತಮಾನದ ಅವನ ‘ವಿಕ್ರಮಾರ್ಜುನ ವಿಜಯ’ದಲ್ಲಿ ಅರ್ಜುನ ಭಾರತದ ಅರ್ಜುನನೂ ಹೌದು, ಪಂಪನಿಗೆ ಆಶ್ರಯ ಕೊಟ್ಟ ಅರಿಕೇಸರಿಯೂ ಹೌದು. ಇದನ್ನು ಶ್ಲೇಷ ಎಂದು ಶಾಸ್ತ್ರ ಕರೆಯುವುದಿಲ್ಲ, ಆದರೆ ಆ ಸಣ್ಣ ಅಲಂಕಾರವನ್ನು ಅರಿತವರಿಗೆ ಪಂಪನ ದೊಡ್ಡ ಸಾಹಸ ಬೇಗ ಅರ್ಥವಾಗುತ್ತದೆ.

ಅಲಂಕಾರಗಳು ಎಷ್ಟು? ಭರತನ ‘ನಾಟ್ಯಶಾಸ್ತ್ರ’ ಹೆಸರಿಸಿದ್ದು ನಾಲ್ಕು: ಉಪಮೆ, ರೂಪಕ, ದೀಪಕ, ಯಮಕ. ಮುಂದೆ ಅಪ್ಪಯ್ಯ ದೀಕ್ಷಿತನ ‘ಕುವಲಯಾನಂದ’ದ ಹೊತ್ತಿಗೆ ನೂರನ್ನು ದಾಟಿದವು. ಒಂದನ್ನೇ ಸೀಳಿ ಸೀಳಿ ಹೊಸ ಹೆಸರು ಕೊಟ್ಟದ್ದೂ ಈ ಬೆಳವಣಿಗೆಯಲ್ಲಿ ಬೇಕಾದಷ್ಟಿದೆ. ಹೈಸ್ಕೂಲಿನ ಓದುಗರಿಗೆ ಮೇಲಿನ ಐದಾರು ಗಟ್ಟಿಯಾಗಿ ಗೊತ್ತಿದ್ದರೆ ಸಾಕು. ಇನ್ನೊಂದು ಎಚ್ಚರ ಮುಖ್ಯ. ಮುಖವನ್ನು ಕಮಲಕ್ಕೆ ಹೋಲಿಸುವ ಉದಾಹರಣೆ ನಮ್ಮ ವ್ಯಾಕರಣ ಪುಸ್ತಕಗಳಲ್ಲಿ ತಲೆತಲಾಂತರದಿಂದ ಇದೆ. ಲಕ್ಷಣಕ್ಕೆ ಅದು ಸರಿಯಾಗಿಯೇ ಹೊಂದುತ್ತದೆ. ಆದರೆ ಅದನ್ನು ಓದುವಾಗ ನಿಮ್ಮ ಕಣ್ಣಿಗೆ ಕಮಲ ಕಾಣುತ್ತದೆಯೇ? ಕಾಣದಿದ್ದರೆ ಆ ಉಪಮೆ ಸವೆದುಹೋಗಿದೆ. ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಹತ್ತಾರು ಸಾಲುಗಳಿಗೆ ಹಬ್ಬುವ ಮಹೋಪಮೆಗಳನ್ನು ಬಳಸಿದರು. ಹೋಮರನ ಮಹಾಕಾವ್ಯಗಳಲ್ಲಿ ಹೆಸರಾದ ಆ ಬಗೆಗೆ ಅವರು ತುಂಬಿದ್ದು ಮಲೆನಾಡಿನ ಕಾಡನ್ನು, ಬೇಟೆಯನ್ನು, ಮಳೆಯನ್ನು. ಕಂಡದ್ದನ್ನೇ ಉಪಮಾನವಾಗಿ ತಂದದ್ದರಿಂದ ಅವು ಇಂದಿಗೂ ಹಸಿಯಾಗಿವೆ.

ಹೇಳದೆ ಬಿಟ್ಟದ್ದು

ಎರಡು ತುಣುಕುಗಳನ್ನು ಓದಿ.

‘ಮಗ ಊರು ಬಿಟ್ಟು ಹೋದದ್ದರಿಂದ ತಾಯಿಗೆ ಅಪಾರ ದುಃಖವಾಯಿತು.’

‘ರಾತ್ರಿ ಊಟಕ್ಕೆ ಮೂರು ತಟ್ಟೆ ಹಾಕಿದಳು. ಒಂದನ್ನು ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಗೂಡಿನಲ್ಲಿಟ್ಟಳು.’

ಮೊದಲನೆಯದರಲ್ಲಿ ದುಃಖ ಎಂಬ ಪದವಿದೆ, ಆದರೆ ಓದುಗನಿಗೆ ದುಃಖವಾಗುವುದಿಲ್ಲ. ಎರಡನೆಯದರಲ್ಲಿ ಆ ಪದವಿಲ್ಲ, ಮಗನ ಹೆಸರೂ ಇಲ್ಲ. ಆದರೂ ಮನಸ್ಸು ಕಲಕುತ್ತದೆ. ಬರವಣಿಗೆಯ ತರಬೇತಿಗಳಲ್ಲಿ ‘ಹೇಳಬೇಡ, ಕಾಣಿಸು’ ಎಂದು ಇಂದು ಕಲಿಸುವ ಈ ಮಾತನ್ನು ಭಾರತೀಯ ಕಾವ್ಯಮೀಮಾಂಸಕರು ಸಾವಿರ ವರ್ಷದ ಹಿಂದೆಯೇ ಶಾಸ್ತ್ರವಾಗಿ ಬರೆದಿಟ್ಟಿದ್ದರು. ರಸವನ್ನೋ ಭಾವವನ್ನೋ ಅದರ ಹೆಸರಿನಿಂದಲೇ ಹೇಳಿಬಿಡುವುದನ್ನು ಮಮ್ಮಟ ‘ಕಾವ್ಯಪ್ರಕಾಶ’ದಲ್ಲಿ ದೋಷಗಳ ಸಾಲಿಗೆ ಸೇರಿಸಿದ್ದಾನೆ.

ಹಾಗಾದರೆ ಭಾವ ಓದುಗನನ್ನು ಹೇಗೆ ಮುಟ್ಟುತ್ತದೆ? ಭರತ ಕೊಟ್ಟ ಉತ್ತರವೇ ರಸಸೂತ್ರ. ಎಲ್ಲರ ಮನಸ್ಸಿನಲ್ಲೂ ಕೆಲವು ಭಾವಗಳು ನೆಲೆಯಾಗಿರುತ್ತವೆ. ರತಿ, ಹಾಸ, ಶೋಕ, ಕ್ರೋಧ, ಉತ್ಸಾಹ, ಭಯ, ಜುಗುಪ್ಸೆ, ವಿಸ್ಮಯ ಎಂಬ ಎಂಟು ಸ್ಥಾಯಿಭಾವಗಳು. ಇವನ್ನು ಎಬ್ಬಿಸುವ ವ್ಯಕ್ತಿ ಮತ್ತು ಸನ್ನಿವೇಶ ವಿಭಾವ. ಎದ್ದ ಭಾವ ಮೈಯಲ್ಲಿ, ನಡೆಯಲ್ಲಿ ತೋರುವುದು ಅನುಭಾವ. ನಡುವೆ ಬಂದು ಹೋಗುವ ಸಣ್ಣ ಭಾವಗಳು ವ್ಯಭಿಚಾರಿಭಾವ, ಅವು ಮೂವತ್ಮೂರು. ನಮ್ಮ ತುಣುಕಿನಲ್ಲಿ ಮಗನಿಲ್ಲದ ಮನೆ ಮತ್ತು ಮೂರನೆಯ ತಟ್ಟೆ ವಿಭಾವ. ತಟ್ಟೆಯನ್ನು ತೆಗೆದು ಒರೆಸುವುದು ಅನುಭಾವ. ನೆನಪು, ಬಳಲಿಕೆ ವ್ಯಭಿಚಾರಿಗಳು. ಇವೆಲ್ಲ ಸೇರಿ ಓದುಗನೊಳಗಿನ ಶೋಕವನ್ನು ಮುಟ್ಟಿದಾಗ ಅದು ಕರುಣರಸವಾಗುತ್ತದೆ. ಭರತ ಹೇಳಿದ ರಸಗಳು ಎಂಟು. ಶಾಂತವನ್ನು ಒಂಬತ್ತನೆಯದಾಗಿ ಸೇರಿಸಿಕೊಂಡದ್ದು ಆಮೇಲೆ. ನವರಸದ ಪಟ್ಟಿಯನ್ನು ಬಾಯಿಪಾಠ ಮಾಡುವುದು ಸುಲಭ. ಆದರೆ ಯಾವುದಾದರೊಂದು ಕತೆಯ ಒಂದು ಪುಟ ತೆಗೆದು, ವಿಭಾವ ಯಾವುದು, ಅನುಭಾವ ಯಾವುದು ಎಂದು ಪೆನ್ಸಿಲಿನಲ್ಲಿ ಗುರುತು ಮಾಡಿದರೆ ಲೇಖಕರ ಕೌಶಲ ಕಣ್ಣಿಗೆ ಕಾಣುತ್ತದೆ.

ಇದಕ್ಕೆ ಅಂಟಿಕೊಂಡೇ ಇರುವುದು ಧ್ವನಿ. ಪದಕ್ಕೆ ಮೂರು ಬಗೆಯ ಶಕ್ತಿ ಇದೆ ಎಂದು ಶಾಸ್ತ್ರ ಹೇಳುತ್ತದೆ. ನೇರ ಅರ್ಥ ಕೊಡುವುದು ಅಭಿಧೆ. ನೇರ ಅರ್ಥ ಹೊಂದದೆ ಹೋದಾಗ ಪಕ್ಕದ ಅರ್ಥಕ್ಕೆ ಸರಿಯುವುದು ಲಕ್ಷಣೆ: ‘ಇಡೀ ಊರೇ ಜಾತ್ರೆಗೆ ಹೋಯಿತು’ ಎಂದರೆ ಮನೆ ಬೀದಿಗಳು ಎದ್ದು ಹೋಗಲಿಲ್ಲ, ಜನ ಹೋದರು. ಈ ಎರಡೂ ಮುಗಿದ ಮೇಲೂ ಉಳಿದು ಹೊಳೆಯುವ ಅರ್ಥಕ್ಕೆ ಕಾರಣವಾದದ್ದು ವ್ಯಂಜನೆ. ಸಂಸ್ಕೃತ ಗ್ರಂಥಗಳಲ್ಲಿ ಮತ್ತೆ ಮತ್ತೆ ಬರುವ ಉದಾಹರಣೆ ಗಂಗೆಯಲ್ಲಿರುವ ಹಳ್ಳಿಯದು. ನೀರಿನ ಮೇಲೆ ಹಳ್ಳಿ ಇರಲಾರದು, ಆದ್ದರಿಂದ ದಡದಲ್ಲಿದೆ ಎಂದು ತಿಳಿಯುತ್ತೇವೆ, ಅದು ಲಕ್ಷಣೆ. ಆದರೆ ದಡ ಎನ್ನದೆ ಗಂಗೆ ಎಂದದ್ದರಿಂದ ಆ ಹಳ್ಳಿಯ ತಂಪು, ಪಾವಿತ್ರ್ಯ ಎರಡೂ ಮನಸ್ಸಿಗೆ ಬಂದವು, ಅದು ವ್ಯಂಜನೆಯಿಂದ.

ಸೂರ್ಯ ಮುಳುಗಿದ ಎಂಬ ಬರಿಯ ಹೇಳಿಕೆ ಕಾವ್ಯವೇ? ಹಳೆಯ ಅಲಂಕಾರಶಾಸ್ತ್ರಕಾರ ಭಾಮಹ ಅಲ್ಲವೆಂದ; ಅದು ಬರೀ ವಾರ್ತೆ, ಸುದ್ದಿ. ಅವನಿಗಿಂತ ಬಹಳ ಕಾಲದ ಮೇಲೆ ಬಂದ ಮಮ್ಮಟ ಅದೇ ಹೇಳಿಕೆಯನ್ನು ವ್ಯಂಜನೆಗೆ ಉದಾಹರಣೆಯಾಗಿ ಎತ್ತಿಕೊಂಡ. ದನ ಕಾಯುವವನಿಗೆ ಅದು ದನ ಹೊಡೆದುಕೊಂಡು ಹೊರಡುವ ಹೊತ್ತು, ಕೂಲಿಯವನಿಗೆ ಕೆಲಸ ಬಿಡುವ ಹೊತ್ತು, ಕಾದು ಕೂತವಳಿಗೆ ಅವನು ಇನ್ನೂ ಬರಲಿಲ್ಲವೆಂಬ ಕಳವಳ. ಇಬ್ಬರ ಮಾತೂ ಸರಿಯೇ. ಸಾಲನ್ನು ಸಂದರ್ಭದಿಂದ ಕಿತ್ತು ಹಲಗೆಯ ಮೇಲೆ ಬರೆದರೆ ಅದು ಸುದ್ದಿ. ಯಾರು ಯಾರಿಗೆ ಯಾವಾಗ ಹೇಳಿದರು ಎಂಬುದು ಸೇರಿದರೆ ಅದೇ ಕಾವ್ಯ. ನಮ್ಮ ತರಗತಿಗಳಲ್ಲಿ ಒಂಟಿ ಸಾಲುಗಳನ್ನು ಕೊಟ್ಟು ‘ಇದರ ಸ್ವಾರಸ್ಯ ಬರೆಯಿರಿ’ ಎಂದು ಕೇಳುವಾಗ ಈ ತೊಡಕು ಎದುರಾಗುತ್ತದೆ. ಪದ್ಯವನ್ನು ಪೂರ್ತಿ ಓದದವರಿಗೆ ಒಂಟಿ ಸಾಲು ಸ್ವಾರಸ್ಯ ಬಿಟ್ಟುಕೊಡುವುದಿಲ್ಲ. ಧ್ವನಿಯನ್ನು ಕಾವ್ಯದ ಜೀವವೆಂದು ಸಾಧಿಸಿದವನು ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನ. ಹೆಚ್ಚುಕಡಿಮೆ ಅದೇ ಕಾಲದ ನಮ್ಮ ಕವಿರಾಜಮಾರ್ಗವೂ ಧ್ವನಿಯನ್ನು ಹೆಸರಿಸುತ್ತದೆ, ಅಲಂಕಾರಗಳಲ್ಲಿ ಒಂದಾಗಿ. ಈ ವಿಷಯವನ್ನು ಮುಂದೆ ಆಳವಾಗಿ ಓದುವವರಿಗೆ ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ (1953) ಇದೆ. ಕಠಿಣ ವಿಷಯವನ್ನು ಇಷ್ಟು ತಿಳಿಯಾದ ಕನ್ನಡದಲ್ಲಿ ಬರೆದ ಪುಸ್ತಕಗಳು ಕಡಿಮೆ.

ಹೊಸಗನ್ನಡದ ವಿಮರ್ಶೆಯಲ್ಲಿ ನೀವು ಹೆಚ್ಚಾಗಿ ಕೇಳುವ ಎರಡು ಮಾತು ಪ್ರತಿಮೆ ಮತ್ತು ಸಂಕೇತ. ಕಣ್ಣು, ಕಿವಿ, ಮೂಗು, ನಾಲಗೆ, ಚರ್ಮ ಇವುಗಳಲ್ಲಿ ಯಾವುದಕ್ಕಾದರೂ ತಾಗುವಂತೆ ಬಂದದ್ದು ಪ್ರತಿಮೆ. ಆ ಮೂರನೆಯ ತಟ್ಟೆ ಒಂದು ಪ್ರತಿಮೆ. ಅದೇ ತಟ್ಟೆ ಕತೆಯುದ್ದಕ್ಕೂ ಮತ್ತೆ ಮತ್ತೆ ಬಂದು, ಬಂದಾಗಲೆಲ್ಲ ಅರ್ಥ ಕೂಡಿಸಿಕೊಳ್ಳುತ್ತ ಹೋದರೆ ಸಂಕೇತವಾಗುತ್ತದೆ. ಗಿರೀಶ ಕಾರ್ನಾಡರ ‘ತುಘಲಕ್’ (1964) ನಾಟಕದಲ್ಲಿ ಪ್ರಾರ್ಥನೆಯನ್ನು ಗಮನಿಸಿ. ಮೊದಲು ಅದು ಸುಲ್ತಾನನ ಶ್ರದ್ಧೆ, ಪ್ರಜೆಗಳಿಗೆ ಕಡ್ಡಾಯ. ಆಮೇಲೆ ಅದೇ ಪ್ರಾರ್ಥನೆಯ ಹೊತ್ತಿನಲ್ಲಿ ಅವನನ್ನು ಕೊಲ್ಲುವ ಸಂಚು ನಡೆಯುತ್ತದೆ. ಅಲ್ಲಿಂದ ಮುಂದೆ ರಾಜ್ಯದಲ್ಲಿ ಪ್ರಾರ್ಥನೆಗೇ ನಿಷೇಧ. ಒಂದು ಆದರ್ಶ ಮುರಿದುಬಿದ್ದ ಇಡೀ ಕತೆಯನ್ನು ಆ ಒಂದು ಸಂಕೇತ ಹೊತ್ತು ನಡೆಯುತ್ತದೆ. ಕಂಡ ಹಕ್ಕಿ, ಮರ, ದೀಪಗಳಿಗೆಲ್ಲ ಸಂಕೇತದ ಪಟ್ಟ ಕಟ್ಟಬೇಡಿ. ಕೃತಿ ತಾನೇ ಅದರತ್ತ ಮರಳಿ ಬರುತ್ತಿದೆಯೇ ಎಂದು ನೋಡಿ.

ಕತೆ ಹೇಳುವವರು ಯಾರು

ಲೇಖಕ ಬೇರೆ, ನಿರೂಪಕ ಬೇರೆ. ಕತೆಯಲ್ಲಿ ‘ನಾನು’ ಎಂದು ಮಾತಾಡುವವನು ಲೇಖಕನು ಹುಟ್ಟಿಸಿದ ಒಂದು ಪಾತ್ರ. ಅವನು ಸುಳ್ಳು ಹೇಳಬಹುದು, ತಿಳಿಯದೆ ಇರಬಹುದು, ಹೇಳಲು ಹಿಂಜರಿಯಬಹುದು. ವಿವೇಕ ಶಾನಭಾಗರ ‘ಘಾಚರ್ ಘೋಚರ್’ನ ನಿರೂಪಕ ತನ್ನ ಮನೆಯ ಬಗ್ಗೆ ಹೇಳುತ್ತ ಹೋದಂತೆ ಅವನು ಹೇಳದೆ ಉಳಿಸಿದ್ದರ ಕಡೆಗೇ ನಮ್ಮ ಗಮನ ತಿರುಗುತ್ತದೆ. ಎಲ್ಲರ ಮನಸ್ಸಿನೊಳಕ್ಕೂ ಹೋಗಿಬರಬಲ್ಲವನು ಸರ್ವಜ್ಞ ನಿರೂಪಕ. ಇವೆರಡರ ನಡುವೆ ಮತ್ತೊಂದು ದಾರಿಯಿದೆ: ಹೇಳುವುದು ‘ಅವನು’ ಎಂದೇ, ಆದರೆ ನೋಡುವುದು ಒಬ್ಬನ ಕಣ್ಣಿನಿಂದ ಮಾತ್ರ. ಶ್ರೀಕೃಷ್ಣ ಆಲನಹಳ್ಳಿಯವರ ‘ಕಾಡು’ ಕಾದಂಬರಿ ಕಿಟ್ಟಿ ಎಂಬ ಹುಡುಗನ ಕಣ್ಣಿನಿಂದ ಹಳ್ಳಿಯ ಹಗೆಯನ್ನೂ ಮನೆಯೊಳಗಿನ ಬಿರುಕನ್ನೂ ತೋರಿಸುತ್ತದೆ. ಹುಡುಗನಿಗೆ ಕಾಣುತ್ತದೆ, ಪೂರ್ತಿ ಅರ್ಥವಾಗುವುದಿಲ್ಲ. ಅರ್ಥವಾಗುವುದು ನಮಗೆ. ದೊಡ್ಡವರ ಕ್ರೌರ್ಯವನ್ನು ದೊಡ್ಡವರೇ ಹೇಳಿದ್ದರೆ ಅಷ್ಟು ತಾಗುತ್ತಿರಲಿಲ್ಲ. ದೃಷ್ಟಿಕೋನ ಎಂಬ ಪದದ ಪೂರ್ಣ ಬೆಲೆ ಇರುವುದು ಇಲ್ಲಿ.

ಪಾತ್ರಕ್ಕೆ ತಿಳಿಯದ್ದು ಓದುಗನಿಗೆ ತಿಳಿದಿದ್ದರೆ ಹುಟ್ಟುವುದು ನಾಟಕೀಯ ವ್ಯಂಗ್ಯ. ಕನ್ನಡಿಗರಿಗೆ ಇದಕ್ಕೆ ಉದಾಹರಣೆ ಹುಡುಕಬೇಕಾಗಿಲ್ಲ, ಕರ್ಣನಿದ್ದಾನೆ. ಯಕ್ಷಗಾನದಲ್ಲಿ ಕರ್ಣಪರ್ವ ಆಡುವ ರಾತ್ರಿ ಎದುರಿಗೆ ಕೂತ ಪ್ರತಿಯೊಬ್ಬರಿಗೂ ಅವನು ಕುಂತಿಯ ಮಗನೆಂದು ಗೊತ್ತು. ಕರ್ಣನಿಗೂ ಅಷ್ಟರಲ್ಲಿ ಗೊತ್ತಾಗಿದೆ. ಬಾಣ ಹೂಡಿ ನಿಂತ ಅರ್ಜುನನಿಗೆ ಮಾತ್ರ ಗೊತ್ತಿಲ್ಲ. ಅರ್ಜುನ ಆಡುವ ಒಂದೊಂದು ಬೈಗುಳವೂ ಅಣ್ಣನ ಮೇಲೆ ಬೀಳುತ್ತಿದೆ ಎಂಬ ಅರಿವು ಪ್ರೇಕ್ಷಕರ ಎದೆಯನ್ನು ಹಿಂಡುತ್ತದೆ. ಕತೆ ಮೊದಲೇ ಗೊತ್ತಿದ್ದರೆ ಕುತೂಹಲ ಉಳಿಯುವುದಿಲ್ಲ ಎನ್ನುವವರು ಈ ರಾತ್ರಿಗಳನ್ನು ನೋಡಬೇಕು. ಗೊತ್ತಿರುವುದೇ ಇಲ್ಲಿ ರಸದ ಮೂಲ.

ಕತೆಯನ್ನು ನಡುವಿನಿಂದಲೋ ಕೊನೆಯಿಂದಲೋ ಹಿಡಿದು ಹಿಂದಿನದನ್ನು ನೆನಪಿನ ಮೂಲಕ ತರುವ ತಂತ್ರಕ್ಕೆ ಸಿನಿಮಾದವರು ಫ್ಲ್ಯಾಶ್‌ಬ್ಯಾಕ್ ಎನ್ನುತ್ತಾರೆ. ಕನ್ನಡದಲ್ಲಿ ಇದಕ್ಕೆ ಸಿಂಹಾವಲೋಕನ ಎಂಬ ಘನವಾದ ಹೆಸರಿದೆ: ಮುಂದೆ ನಡೆಯುವ ಸಿಂಹ ತಾನು ಬಂದ ದಾರಿಯತ್ತ ತಿರುಗಿ ನೋಡುವ ರೀತಿ. ರನ್ನ ತನ್ನ ‘ಗದಾಯುದ್ಧ’ವನ್ನು ಕಟ್ಟಿದ್ದು ಹೀಗೆಯೇ. ಯುದ್ಧದ ಕೊನೆಯ ದಿನವನ್ನು ಹಿಡಿದು ಅವನು ಇಡೀ ಭಾರತವನ್ನು ತಿರುಗಿ ನೋಡುತ್ತಾನೆ. ದುರ್ಯೋಧನ ಸಂಜಯನೊಡನೆ ರಣರಂಗದಲ್ಲಿ ನಡೆಯುತ್ತಾನೆ. ಹಾದಿಯಲ್ಲಿ ದ್ರೋಣನ ಹೆಣ, ಮಗ ಲಕ್ಷಣಕುಮಾರನ ಹೆಣ, ದುಶ್ಶಾಸನನ ಹೆಣ, ಕರ್ಣನ ಹೆಣ. ಒಂದೊಂದರ ಎದುರೂ ಒಂದೊಂದು ಹಳೆಯ ಕಾಲ ಎದ್ದು ಬರುತ್ತದೆ. ಮೊದಲಿಂದ ಕೊನೆಗೆ ನೇರವಾಗಿ ಹೇಳಿದ್ದರೆ ದುರ್ಯೋಧನ ಸೋತ ಖಳ. ಕೊನೆಯಿಂದ ಹಿಂದಕ್ಕೆ ನೋಡಿದ್ದರಿಂದ ಅವನು ಎಲ್ಲವನ್ನೂ ಕಳೆದುಕೊಂಡ ಮನುಷ್ಯ. ತಂತ್ರ ಬದಲಾದಾಗ ಅರ್ಥವೂ ಬದಲಾಯಿತು.

ಕಿವಿಯ ಲೆಕ್ಕ

ಛಂದಸ್ಸೆಂದರೆ ಗಣಿತ ಎಂದು ಹೆದರುವವರು ಮೊದಲು ಕೈಯಲ್ಲಿ ತಾಳ ಹಾಕಿಕೊಂಡು ಈ ಮೂರು ಸಾಲು ಓದಿ. ಇದು ಈ ಅಧ್ಯಾಯಕ್ಕಾಗಿಯೇ ಕಟ್ಟಿದ್ದು.

ಮಳೆಯ ಹನಿಗಳು ಮಣ್ಣ ಮುಟ್ಟಲು
ತಳದ ಬೇರಿಗೆ ಜೀವ ಬಂದಿತು
ಬೆಳೆಯ ಕನಸನು ಹೊತ್ತ ರೈತನು ನೇಗಿಲೆತ್ತಿದನು

ಮೂರು, ನಾಲ್ಕು, ಮೂರು, ನಾಲ್ಕು ಎಂದು ಸಾಲು ತಾನೇ ಹೆಜ್ಜೆ ಹಾಕುತ್ತದೆ. ಇದು ಭಾಮಿನಿ ಷಟ್ಪದಿಯ ನಡೆ. ಮಾತ್ರೆ ಎಂದರೆ ಅಕ್ಷರವನ್ನು ಉಚ್ಚರಿಸಲು ಹಿಡಿಯುವ ಹೊತ್ತಿನ ಅಳತೆ. ಒಂದು ಮಾತ್ರೆಯ ಅಕ್ಷರ ಲಘು, ಎರಡು ಮಾತ್ರೆಯದು ಗುರು. ದೀರ್ಘಸ್ವರ ಗುರು, ಐ ಔ ಗುರು. ಅನುಸ್ವಾರ, ವಿಸರ್ಗ ಕೂಡಿದ ಅಕ್ಷರ ಗುರು. ಒತ್ತಕ್ಷರದ ಹಿಂದಿನ ಅಕ್ಷರವೂ ಗುರು. ‘ಮಣ್ಣ’ದಲ್ಲಿ ಒತ್ತಿರುವುದು ‘ಣ್ಣ’ದಲ್ಲಿ, ಗುರುವಾಗುವುದು ಅದರ ಹಿಂದಿನ ‘ಮ’. ಲಘು ಗುರುಗಳನ್ನು ಗುರುತಿಸುತ್ತ ಪ್ರಸ್ತಾರ ಹಾಕುವಾಗ ಬಹಳ ಮಂದಿ ತಪ್ಪುವುದು ಇಲ್ಲೇ. ಗಣ, ಅಂದರೆ ಮಾತ್ರೆಗಳ ಗುಂಪು, ಕತ್ತರಿಸುವಾಗ ಪದಗಳ ನಡುವಿನ ಜಾಗವನ್ನು ನಂಬಬೇಡಿ. ‘ನೇಗಿಲೆತ್ತಿದನು’ ಎಂಬುದು ‘ನೇಗಿ’ ಎಂದು ಮೂರಕ್ಕೆ, ‘ಲೆತ್ತಿದ’ ಎಂದು ನಾಲ್ಕಕ್ಕೆ ಒಡೆಯುತ್ತದೆ. ಕೊನೆಗೆ ಉಳಿದ ‘ನು’ ಲಘುವಾದರೂ ಪಾದದ ತುದಿಯಲ್ಲಿ ಗುರುವೆಂದೇ ಎಣಿಕೆ.

ಷಟ್ಪದಿಯಲ್ಲಿ ಆರು ಸಾಲು. ಒಂದು, ಎರಡು, ನಾಲ್ಕು, ಐದು ಒಂದೇ ಅಳತೆ. ಮೂರು ಮತ್ತು ಆರನೆಯವು ಅದರ ಒಂದೂವರೆ ಪಟ್ಟು, ಮೇಲೊಂದು ಗುರು. ಭಾಮಿನಿಯಲ್ಲಿ 14, 14, 23 ಮಾತ್ರೆ. ಆರು ಸಾಲಿಗೆ 102. ಐದೈದು ಮಾತ್ರೆಯ ಗಣಗಳ ವಾರ್ಧಕದಲ್ಲಿ 20, 20, 32, ಒಟ್ಟು 144. ಕುಮಾರವ್ಯಾಸನ ಭಾರತ ಭಾಮಿನಿಯಲ್ಲಿದೆ, ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ವೂ ಲಕ್ಷ್ಮೀಶನ ‘ಜೈಮಿನಿ ಭಾರತ’ವೂ ವಾರ್ಧಕದಲ್ಲಿವೆ. ಸಂಖ್ಯೆಗಳನ್ನು ಮರೆತರೂ ಚಿಂತೆಯಿಲ್ಲ. ಒಬ್ಬ ಒಳ್ಳೆಯ ಗಮಕಿ ಕುಮಾರವ್ಯಾಸನನ್ನು ವಾಚಿಸುವುದನ್ನು ಒಮ್ಮೆ ಕೇಳಿದರೆ ಮೂರು-ನಾಲ್ಕರ ನಡೆ ಕಿವಿಯಲ್ಲಿ ನಿಲ್ಲುತ್ತದೆ. ಮೂರನೆಯ ಸಾಲು ಏಕೆ ಉದ್ದ ಎಂಬುದೂ ಆಗ ತಿಳಿಯುತ್ತದೆ. ಎರಡು ಚಿಕ್ಕ ಸಾಲುಗಳಲ್ಲಿ ಕೂಡಿಟ್ಟ ಉಸಿರು ಅಲ್ಲಿ ಬಿಡುಗಡೆಯಾಗುತ್ತದೆ.

ಈಗ ಆ ಮೂರು ಸಾಲುಗಳ ಎರಡನೆಯ ಅಕ್ಷರ ನೋಡಿ: ಮಳೆಯ, ತಳದ, ಬೆಳೆಯ. ಮೂರರಲ್ಲೂ ‘ಳ’ಕಾರ. ಇದು ದ್ವಿತೀಯಾಕ್ಷರ ಪ್ರಾಸ, ಅಥವಾ ಆದಿಪ್ರಾಸ. ಸಾಲಿನ ತುದಿಯಲ್ಲಿ ಬರುವ ಅಂತ್ಯಪ್ರಾಸವನ್ನು ಸಿನಿಮಾ ಹಾಡುಗಳಿಂದ ಎಲ್ಲರೂ ಬಲ್ಲರು. ಹಳೆಯ ಕನ್ನಡ ಕವಿಗಳಿಗೆ ಕಡ್ಡಾಯವಾಗಿದ್ದದ್ದು ಮಾತ್ರ ಸಾಲಿನ ಆರಂಭದ ಪ್ರಾಸ. ಸಂಸ್ಕೃತ ಕವಿ ಸಾಲಿನ ನಡುವಿನ ಯತಿಗೆ, ಅಂದರೆ ನಿಲುಗಡೆಗೆ, ಕೊಟ್ಟ ಗೌರವವನ್ನು ಕನ್ನಡ ಕವಿ ಪ್ರಾಸಕ್ಕೆ ಕೊಟ್ಟ. ಯತಿಯನ್ನು ಮೀರಿದ, ಪ್ರಾಸವನ್ನು ಬಿಡಲಿಲ್ಲ. ಹತ್ತನೆಯ ಶತಮಾನದ ಕೊನೆಯಲ್ಲಿ ‘ಛಂದೋಂಬುಧಿ’ ಬರೆದ ನಾಗವರ್ಮ ಆದಿಪ್ರಾಸವನ್ನು ಆರು ಬಗೆ ಮಾಡಿ ಸಿಂಹ, ಗಜ, ವೃಷಭ, ಶರಭ, ಅಜ, ಹಯ ಎಂದು ಪ್ರಾಣಿಗಳ ಹೆಸರು ಕೊಟ್ಟ. ಪ್ರಾಸಾಕ್ಷರದ ಹಿಂದೆ ಹ್ರಸ್ವವಿದ್ದರೆ ಸಿಂಹ, ದೀರ್ಘವಿದ್ದರೆ ಗಜ, ಬಿಂದುವಿದ್ದರೆ ವೃಷಭ. ಆ ಗ್ರಂಥದಲ್ಲಿ ಅವನು ಛಂದಸ್ಸನ್ನು ತನ್ನ ಹೆಂಡತಿಯನ್ನು ಉದ್ದೇಶಿಸಿ ವಿವರಿಸುತ್ತಾನೆ. ಶಾಸ್ತ್ರಗ್ರಂಥದಲ್ಲಿ ಮನೆಯ ಮಾತುಕತೆಯ ಈ ಸಲಿಗೆ ನನಗೆ ಬಹಳ ಇಷ್ಟ.

ಸಾವಿರ ವರ್ಷ ನಡೆದ ಈ ಕಟ್ಟು ಸಡಿಲವಾದದ್ದು ಇಪ್ಪತ್ತನೆಯ ಶತಮಾನದಲ್ಲಿ. ಮಂಜೇಶ್ವರದ ಗೋವಿಂದ ಪೈಗಳು 1911ರ ಸುಮಾರಿಗೆ ಆದಿಪ್ರಾಸವನ್ನು ಬಿಟ್ಟು ಬರೆದರು, ದೊಡ್ಡ ಚರ್ಚೆಯಾಯಿತು. ಬಿ.ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ (1926) ಹೊಸ ನಡೆಗಳನ್ನು ತಂದಿತು. ಐದು ಮಾತ್ರೆಯ ಲಲಿತ ರಗಳೆ ಪ್ರಾಸವನ್ನು ಕಳಚಿ, ವಾಕ್ಯವನ್ನು ಸಾಲಿನಿಂದ ಸಾಲಿಗೆ ಹರಿಯಬಿಟ್ಟು ಸರಳ ರಗಳೆಯಾಯಿತು. ಅದನ್ನೇ ಬೆಳೆಸಿ ಕುವೆಂಪು ಮಹಾಕಾವ್ಯ ಬರೆದರು. ಪ್ರಾಸ ಬಿಟ್ಟವರು ಕಿವಿಯನ್ನು ಬಿಡಲಿಲ್ಲ. ಗೋವಿಂದ ಪೈಗಳಾಗಲಿ ಕುವೆಂಪು ಆಗಲಿ ಬೇಕೆಂದಾಗ ಪ್ರಾಸದಲ್ಲಿ ಬರೆಯಬಲ್ಲವರೇ ಆಗಿದ್ದರು. ಛಂದಸ್ಸನ್ನು ಶಾಲೆಯಲ್ಲಿ ಕಲಿಸುವುದಕ್ಕೆ ಇದಕ್ಕಿಂತ ಬಲವಾದ ಕಾರಣ ನನಗೆ ತೋರುವುದಿಲ್ಲ.

ಮೇಲಿನ ಷಟ್ಪದಿ ಅರ್ಧಕ್ಕೆ ನಿಂತಿದೆ. ನಾಲ್ಕು, ಐದು, ಆರನೆಯ ಸಾಲುಗಳನ್ನು ನೀವು ಬರೆಯಿರಿ. ಅಳತೆ 14, 14, 23. ಸಾಲಿನ ಮೊದಲ ಅಕ್ಷರ ಲಘುವಾಗಿರಬೇಕು, ಎರಡನೆಯದು ‘ಳ’ಕಾರ: ಎಳೆಯ, ಹೊಳೆಯ, ಒಳಗೆ, ಬೆಳಕು, ಇಳಿದು. ‘ಕಾಳು’ ಬಂದರೆ ಸಿಂಹದ ಸಾಲಿಗೆ ಗಜ ನುಗ್ಗಿದಂತೆ, ಬಿಡಿ. ಯಾವ ಗಣವೂ ಮೊದಲು ಲಘು, ಆಮೇಲೆ ಗುರು ಎಂದು ಆರಂಭವಾಗಬಾರದು. ‘ವಿಶಾಲ’ ಎಂಬಂಥ ಪದವನ್ನು ಗಣದ ಮೊದಲಿಗೆ ಇಟ್ಟು ಓದಿ ನೋಡಿ, ನಡಿಗೆ ಮುಗ್ಗರಿಸುವುದು ಕಿವಿಗೇ ಗೊತ್ತಾಗುತ್ತದೆ. ಐದನೆಯ ಸಾಲಿನಲ್ಲಿ ಒಂದು ರೂಪಕ ತನ್ನಿ, ಆರನೆಯದರಲ್ಲಿ ಅದರೊಳಗೆ ನಡೆಯಿರಿ. ಸಂತೋಷ, ಆನಂದ ಎಂಬ ಪದಗಳನ್ನು ಮಾತ್ರ ಬಳಸಬೇಡಿ. ಬರೆದ ಮೇಲೆ ಗಟ್ಟಿಯಾಗಿ ಓದಿ, ಪಕ್ಕದ ಬೆಂಚಿನವರಿಗೆ ತಾಳ ಹಾಕಲು ಹೇಳಿ.